ಸೈಕಲ್ ಸವಾಲು–ಜವಾಬು: ಅಜ್ಜನ ಸೈಕಲ್ಲು, ಅಜ್ಜನ ಧೋತರ

ಹಳೆಯ ಸೈಕಲ್ಲು ಮತ್ತು ಅದನ್ನು ಹೊಡೆಯುವಾಗ ತೊಡುತ್ತಿದ್ದ ಬಟ್ಟೆಬರೆ ಕುರಿತು ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕೇಳಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ.

ನಮ್ಮಜ್ಜನ ರಾಲೆ ಸೈಕಲ್ ಅಟ್ಟದ ಮೇಲೆ ಬಿದ್ದಿದೆ. ಎಷ್ಟೋ ವರ್ಷದಿಂದ ಯಾರೂ ಹತ್ತಿಲ್ಲ. ಪೌಡರ್ ಕೋಟಿಂಗ್ ಮಾಡಿಸಿ, ಹ್ಯಾಂಡಲ್‌ಗೆ ಹೊಸ ಕ್ರೋಮ್ ಹಾಕಿಸಿ ಪಡಸಾಲೆಯಲ್ಲಿ ಇಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು? — ಜಮಖಂಡಿ

ಬಣ್ಣದವನ ಹತ್ತಿರ ಹೋಗದೆ ಇರುವುದರಿಂದ ಶುರು ಮಾಡಿ. ಪೌಡರ್ ಕೋಟಿಂಗ್‌ಗೆ ಮೊದಲು ಮರಳು ಊದಿ ಹಳೆ ಬಣ್ಣವನ್ನೆಲ್ಲ ಕೆತ್ತುತ್ತಾರೆ. ಆಮೇಲೆ ಸುಮಾರು 180–200 ಡಿಗ್ರಿ ಶಾಖದ ಒಲೆಯಲ್ಲಿ ಬೇಯಿಸುತ್ತಾರೆ. ಕೈಯಲ್ಲಿ ಎಳೆದ ಬಂಗಾರದ ಗೆರೆ, ಫ್ರೇಮಿನ ಮೇಲಿನ ಅಕ್ಷರ, ಕಂಪನಿಯ ಮುದ್ರೆ ಒಂದೂ ಉಳಿಯುವುದಿಲ್ಲ. ಪೆಡಲ್ ಎಕ್ಸಲ್ (ಎರಡು ಪೆಡಲ್ ತೋಳುಗಳನ್ನು ಜೋಡಿಸುವ ಅಡ್ಡ ದಂಡ) ಕೂರುವ ಜಾಗದ ಥ್ರೆಡ್ಡಿನಲ್ಲಿ ಮರಳು, ಬಣ್ಣ ತುಂಬಿ, ಬೇರಿಂಗ್ ಗುಂಡು ಹಿಡಿಯುವ ಕಪ್ ಕೂರದೆ ಹೋಗುವುದು ಬೇರೆ. ಹಾಗೆ ಮಾಡಿಸಿದ ಸೈಕಲ್ಲು ಹೊಸದರಂತೆ ಕಾಣುತ್ತದೆ ನಿಜ, ಆದರೆ ಹೊಸದೇ ಬೇಕಿದ್ದರೆ ಅಂಗಡಿಯಲ್ಲಿ ಸಿಗುತ್ತದಲ್ಲ.

ಹೀಗೆ ಮಾಡಿ. ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಒಂದು ಬಕೆಟ್ ಉಗುರುಬೆಚ್ಚನೆ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆ ಅರಿವೆಯಲ್ಲಿ ಒರೆಸಿ. ಗ್ರೀಸ್ ಗಟ್ಟಿಯಾದ ಕಡೆ ಮಾತ್ರ ಚಿಮಣಿ ಎಣ್ಣೆ. ಅಕ್ಷರ, ಮುದ್ರೆ ಇರುವ ಕಡೆ ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ, ಒಂದೇ ಒರೆಸಿಗೆ ಎದ್ದುಬರುತ್ತವೆ. ಕೊನೆಗೆ ಕಾರಿಗೆ ಹಚ್ಚುವ ಮೇಣದ ಪಾಲಿಷ್ ತೆಳ್ಳಗೆ ಹಚ್ಚಿ.

ಹ್ಯಾಂಡಲ್ ಮತ್ತು ರಿಮ್ಮಿನ ಮೇಲೆ ತುಕ್ಕು ಚುಕ್ಕೆಚುಕ್ಕೆಯಾಗಿದ್ದರೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ ತಿಕ್ಕಿದರೆ ಸಾಕು. ಹುಣಸೆಹಣ್ಣೂ ನಡೆಯುತ್ತದೆ, ಆದರೆ ತಿಕ್ಕಿದ ಮೇಲೆ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಿ ಎಣ್ಣೆ ಸವರದಿದ್ದರೆ ಎರಡು ದಿನದಲ್ಲಿ ಮತ್ತೆ ಕೆಂಪಾಗುತ್ತದೆ. ಹೆಚ್ಚು ತುಕ್ಕು ಹಿಡಿದ ಬಿಡಿಭಾಗಗಳನ್ನು ಬಿಚ್ಚಿ, ಲೀಟರ್ ನೀರಿಗೆ 20–30 ಗ್ರಾಂ ಆಕ್ಸಾಲಿಕ್ ಆಮ್ಲ ಕಲಸಿದ ಪ್ಲಾಸ್ಟಿಕ್ ಬಕೆಟ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ. ಆ ಆಮ್ಲ ವಿಷ. ಕೈಗವಸು ಬೇಕು, ಮಕ್ಕಳು ಸುಳಿಯದ ಜಾಗ ಬೇಕು.

ಬಣ್ಣಕ್ಕೆಂದು ತೆಗೆದಿಟ್ಟ ದುಡ್ಡನ್ನು ಬೇರಿಂಗ್ ಗುಂಡು, ಗ್ರೀಸ್, ಟೈರುಗಳಿಗೆ ಹಾಕಿ. ಪಡಸಾಲೆಯಲ್ಲಿ ಇಡಬೇಡಿ, ಹೊಡೆಯಿರಿ. ಗುಂಡು ಬದಲಿಸುವುದು ಹೇಗೆಂದು ಮುಂದಿನ ಉತ್ತರದಲ್ಲಿದೆ.

ಮನೆಯಲ್ಲೇ ಓವರಾಯಿಲ್ (ಪೂರ್ತಿ ಬಿಚ್ಚಿ ಜೋಡಿಸುವ ಕೆಲಸ) ಮಾಡಲು ಹೋಗಿ ಗುಂಡುಗಳನ್ನು ಎಣಿಸದೆ ಕಳಚಿದೆವು. ಜೋಡಿಸಿದ ಮೇಲೆ ಹಿಂದಿನ ಗಾಲಿ ಕಟಕಟ ಅನ್ನುತ್ತದೆ. ಪೆಡಲ್ ತುಳಿದರೆ ಸುತ್ತಿಗೊಮ್ಮೆ ಟಕ್ ಅನ್ನುತ್ತದೆ. ಸೈಕಲ್ ಹಳೆಯ ಹರ್ಕ್ಯುಲಿಸ್. — ಮುಧೋಳ

ಇವು ಎರಡು ಬೇರೆ ರೋಗ. ಪೆಡಲ್ ನಿಲ್ಲಿಸಿ ಗಾಲಿ ತಿರುಗಿಸಿದಾಗಲೂ ಬರುವ ಸದ್ದು ಹಬ್ಬಿನದು, ಅಂದರೆ ಗಾಲಿಯ ನಡುವೆ ಗುಂಡು ಕೂರುವ ಭಾಗದ್ದು. ತುಳಿಯುವಾಗ ಮಾತ್ರ, ಅದೂ ಒಂದು ಸುತ್ತಿಗೆ ಒಮ್ಮೆ ಬರುವುದು ಬಹುಪಾಲು ಕಾಟರ್ ಪಿನ್ನಿನದು, ಅಂದರೆ ಪೆಡಲ್ ತೋಳನ್ನು (ಕ್ರ್ಯಾಂಕ್) ಎಕ್ಸಲ್ಲಿಗೆ ಹಿಡಿದಿಡುವ ಬೆಣೆಯದು.

ಮೊದಲು ಹಬ್. ಸಾಮಾನ್ಯ ಕರಿ ಸೈಕಲ್ಲಿನ ಲೆಕ್ಕ ಹೀಗೆ: ಮುಂದಿನ ಹಬ್ಬಿನಲ್ಲಿ ಒಂದೊಂದು ಬದಿಗೆ 3/16 ಇಂಚಿನ 10 ಗುಂಡು, ಹಿಂದಿನದರಲ್ಲಿ ಕಾಲು ಇಂಚಿನ 9, ಪೆಡಲ್ ಎಕ್ಸಲ್‌ನಲ್ಲಿ ಕಾಲು ಇಂಚಿನ 11. ಸುತ್ತ ಗುಂಡು ಕೂರಿಸಿದ ಮೇಲೆ ಸ್ವಲ್ಪ ಸಂದಿ ಉಳಿಯಬೇಕು. ಸಂದಿ ಕಂಡಿತೆಂದು ಇನ್ನೊಂದನ್ನು ಒತ್ತಿ ತುರುಕಿದರೆ ಒಂದು ಗುಂಡು ಇನ್ನೊಂದರ ಮೇಲೇರುತ್ತದೆ. ನಿಮ್ಮ ಕಟಕಟ ಅದೇ ಇರಬಹುದು. ಎರಡನೆಯ ಕಾರಣ ಹಳೆ, ಹೊಸ ಗುಂಡು ಬೆರೆಸುವುದು. ಸವೆದ ಎಂಟರ ನಡುವೆ ಹೊಸದೊಂದು ಇದ್ದರೆ ಭಾರವೆಲ್ಲ ಅದರ ಮೇಲೆ ಬಿದ್ದು ಕೋನ್ (ಗುಂಡುಗಳನ್ನು ಒತ್ತಿಹಿಡಿಯುವ ಚೂಪು ಮೂತಿಯ ನಟ್ಟು) ಮೇಲೆ ಗುಳಿ ಬೀಳುತ್ತದೆ. ಗುಂಡು ಅಗ್ಗದ ಮಾಲು, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಕೋನ್ ಮೇಲೆ ಉಗುರು ಆಡಿಸಿ ನೋಡಿ. ಉಗುರು ಎಲ್ಲಿಯಾದರೂ ಸಿಕ್ಕಿಕೊಂಡರೆ ಕೋನ್ ಕೂಡ ಹೋಯಿತು.

ಕೋನ್ ಬಿಗಿಯುವಾಗ ಕೊನೆಯ ನಟ್ಟಿನ ಬಿಗಿತವನ್ನೂ ಲೆಕ್ಕ ಹಿಡಿಯಬೇಕು. ನಟ್ಟು ಬಿಗಿದೊಡನೆ ಕೋನ್ ಇನ್ನಷ್ಟು ಒತ್ತುತ್ತದೆ. ಹಾಗಾಗಿ ಮೊದಲು ಒಂದಿಷ್ಟು ಅಲುಗಾಟ ಬಿಟ್ಟು, ನಟ್ಟು ಬಿಗಿದ ಮೇಲೆ ಅದು ಮಾಯವಾಗುವಂತೆ ಮಾಡಿ. ಸರಿಯಾಯಿತೋ ಇಲ್ಲವೋ ತಿಳಿಯಲು ಚೈನ್ ಇಳಿಸಿ, ಹವಾ ಹಾಕುವ ಬಾಯಿ ಅಡ್ಡಕ್ಕೆ ಬರುವಂತೆ ಗಾಲಿ ನಿಲ್ಲಿಸಿ ಕೈ ಬಿಡಿ. ಆ ವಾಲ್‌ನ ಭಾರಕ್ಕೇ ಗಾಲಿ ತಾನಾಗಿ ತಿರುಗಿ, ವಾಲ್ ಕೆಳಕ್ಕೆ ಬಂದು, ಆಚೆಗೊಮ್ಮೆ ಈಚೆಗೊಮ್ಮೆ ತೂಗಿ ನಿಲ್ಲಬೇಕು. ತಿರುಗದಿದ್ದರೆ ಬಿಗಿ ಹೆಚ್ಚಾಗಿದೆ.

ಇನ್ನು ಕಾಟರ್ ಪಿನ್. ಎಡ ಪೆಡಲ್ ಮುಂದೆ ಬರುವಂತೆ ಎರಡನ್ನೂ ಅಡ್ಡಕ್ಕೆ ನಿಲ್ಲಿಸಿ ಎರಡರ ಮೇಲೂ ಭಾರ ಬಿಡಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಡಿ. ಕ್ರ್ಯಾಂಕ್ ಕೂದಲೆಳೆಯಷ್ಟು ಕುಸಿದರೂ ಪಿನ್ ಸಡಿಲ. ಇಂಥದ್ದನ್ನು ಹಾಗೇ ಹೊಡೆದರೆ ಪಿನ್ನಿನ ಚಪ್ಪಟೆ ಮೈಯಲ್ಲಿ ಮೆಟ್ಟಿಲು ಬೀಳುತ್ತದೆ, ಆಮೇಲೆ ಎಕ್ಸಲ್ಲೇ ಸವೆಯುತ್ತದೆ. ತೆಗೆಯುವಾಗ ನಟ್ಟನ್ನು ಪಿನ್ನಿನ ತುದಿಗೆ ಸರಿಸಮ ತಂದು, ಹಿಂದಿನ ದಿನವೇ ಚಿಮಣಿ ಎಣ್ಣೆ ಬಿಟ್ಟು, ಕ್ರ್ಯಾಂಕಿನ ಕೆಳಗೆ ನೆಲಕ್ಕೆ ಊರಿದ ಕಬ್ಬಿಣದ ಪೈಪು ಆನಿಸಿ ಒಂದೇ ಪೆಟ್ಟು ಹೊಡೆಯಿರಿ. ಪೈಪು ಇಲ್ಲದೆ ಹೊಡೆದರೆ ಪೆಟ್ಟು ಗುಂಡುಗಳಿಗೆ ಬಿದ್ದು ಕಪ್ಪಿನಲ್ಲಿ ಗುಳಿಯಾಗುತ್ತದೆ. ಅಂಗಡಿಗಳಲ್ಲಿ ಅವಸರಕ್ಕೆ ಮಾಡುವ ತಪ್ಪು ಇದೇ.

ಹೊಸ ಪಿನ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ದಪ್ಪದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಕೂರುವುದಿಲ್ಲ. ಪಿನ್ ಒಳಗೆ ಇಳಿಯದಿದ್ದರೆ ಚಪ್ಪಟೆ ಮೈಯನ್ನು ಅರದಿಂದ ಸಮವಾಗಿ ಉಜ್ಜಿ. ಪಿನ್ನನ್ನು ಒಳಗೆ ಎಳೆಯುವ ಕೆಲಸ ನಟ್ಟಿನದಲ್ಲ, ಸುತ್ತಿಗೆಯದು. ನಟ್ಟು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ನಟ್ಟಿನಿಂದಲೇ ಎಳೆಯಲು ಹೋದವರ ಕೈಯಲ್ಲಿ ಥ್ರೆಡ್ ಹರಿದ ಪಿನ್ ಉಳಿಯುತ್ತದೆ. ಎರಡೂ ಕ್ರ್ಯಾಂಕ್‌ಗಳನ್ನು ಒಂದೊಂದಾಗಿ ಮುಂದಕ್ಕೆ ತಂದು ನೋಡಿದಾಗ ನಟ್ಟು ಒಂದೇ ಕಡೆ, ಎರಡೂ ಮೇಲೆ ಅಥವಾ ಎರಡೂ ಕೆಳಗೆ, ಇರಬೇಕು. ಒಂದು ಹೀಗೆ ಒಂದು ಹಾಗೆ ಹಾಕಿದರೆ ಎರಡು ಪೆಡಲ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ನಾಲ್ಕೈದು ಕಿಲೋಮೀಟರ್ ಹೊಡೆದ ಮೇಲೆ ಇನ್ನೊಂದು ಪೆಟ್ಟು ಕೊಟ್ಟು ನಟ್ಟು ಬಿಗಿಯಿರಿ.

ಪೆಡಲ್ ಎಕ್ಸಲ್ಲಿನ ಬಲಗಡೆ ಕಪ್ ಮತ್ತು ಎಡ ಪೆಡಲ್ ಇವೆರಡಕ್ಕೂ ಉಲ್ಟಾ ಥ್ರೆಡ್. ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುವವರು ಬಹಳ. ಫ್ರೀವೀಲಿಗೆ, ಅಂದರೆ ಹಿಂದಿನ ಹಲ್ಲುಚಕ್ರಕ್ಕೆ, ಗ್ರೀಸ್ ಬೇಡ. ಚಿಮಣಿ ಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಬಿಡಿ. ಗ್ರೀಸ್ ಹಾಕಿದರೆ ಒಳಗಿನ ನಾಲಿಗೆಗಳು ಅಂಟಿಕೊಂಡು, ತುಳಿದಾಗ ಪೆಡಲ್ ಖಾಲಿ ತಿರುಗುತ್ತದೆ.

ನಮ್ಮ ಕಾಲೇಜಿನ ಹಬ್ಬಕ್ಕೆ ಐವತ್ತರ, ಅರವತ್ತರ ದಶಕದ ವೇಷದಲ್ಲಿ ಸೈಕಲ್ ಮೆರವಣಿಗೆ ಇದೆ. ಧೋತರ ಉಟ್ಟವರು, ಇಳಕಲ್ ಸೀರೆ ಉಟ್ಟವರು ನಿಜವಾಗಿಯೂ ಹೊಡೆಯಬೇಕು. ಆಗಿನವರು ಚೈನಿಗೆ ಸಿಗದಂತೆ ಹೇಗೆ ಹೊಡೆಯುತ್ತಿದ್ದರು? — ಶಹಾಪುರ, ಬೆಳಗಾವಿ

ಚೈನ್ ಇರುವುದು ಬಲಗಡೆ, ಹಾಗಾಗಿ ಅಪಾಯವೂ ಬಲಗಾಲಿಗೇ. ಕಚ್ಚೆ ಹಾಕಿ ಉಟ್ಟ ಧೋತರದ ಬಲ ಅಂಚನ್ನು ಮೀನಗಂಡದ ಮಟ್ಟಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಬೇಕು. ಎಡಗಡೆ ಇಳಿಬಿಟ್ಟರೂ ನಡೆಯುತ್ತದೆ. ಹಳೆಯ ಫೋಟೋಗಳಲ್ಲಿ ಸವಾರರ ಧೋತರ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇರುವುದು ಇದಕ್ಕೇ. ಮುಂದಿನ ನಿರಿಗೆಯ ತುದಿಯನ್ನೂ ಮಡಚಿ ಒಳಗೆ ಸೇರಿಸಿ. ಇಲ್ಲದಿದ್ದರೆ ಇಳಿಯುವಾಗ ಸೀಟಿನ ಮೂತಿಗೆ ಸಿಕ್ಕಿ ಮನುಷ್ಯ ಸೈಕಲ್ಲಿನ ಜೊತೆಗೇ ಬೀಳುತ್ತಾನೆ.

ಹತ್ತುವ ಕ್ರಮವೂ ಉಡುಪಿಗೆ ತಕ್ಕಂತೆ ಇತ್ತು. ಎಡಗಾಲನ್ನು ಪೆಡಲ್ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಮೂರ್ನಾಲ್ಕು ಸಲ ನೂಕಿ, ಓಟ ಬಂದ ಮೇಲೆ ಬಲಗಾಲನ್ನು ಸೀಟಿನ ಹಿಂದಿನಿಂದ ಬೀಸಿ ಕೂರುವುದು. ನಿಂತಲ್ಲೇ ಮುಂದಿನ ದಂಡದ ಮೇಲಿಂದ ಕಾಲು ದಾಟಿಸಲು ಧೋತರ ಬಿಡುವುದಿಲ್ಲ. ನಿಮ್ಮ ಹುಡುಗರಿಗೆ ಇದನ್ನು ಮೈದಾನದಲ್ಲಿ ಮೊದಲೇ ರೂಢಿ ಮಾಡಿಸಿ. ಕ್ಯಾರಿಯರ್ ಮೇಲೆ ಚೀಲ ಕಟ್ಟಿದ್ದರೆ ಬೀಸಿದ ಕಾಲು ಅದಕ್ಕೇ ಬಡಿಯುತ್ತದೆ.

ಸಾಧ್ಯವಿದ್ದರೆ ಚೈನನ್ನು ಪೂರ್ತಿ ಮುಚ್ಚುವ ಗೇರ್‌ಕೇಸ್ ಇರುವ ಸೈಕಲ್ಲುಗಳನ್ನೇ ಧೋತರದವರಿಗೆ ಕೊಡಿ. ಅರ್ಧ ಚೈನ್‌ಕವರ್ ಮೇಲಿನ ಚೈನನ್ನು ಮಾತ್ರ ಮುಚ್ಚುತ್ತದೆ, ಗಾಳಿಗೆ ಹಾರಿದ ಅಂಚು ಕೆಳಗಿನಿಂದ ಸಿಗುತ್ತದೆ. ಸಿಕ್ಕಿಬಿದ್ದರೆ ಎಳೆಯಬೇಡಿ. ಹಿಂದಿನ ಗಾಲಿ ಎತ್ತಿ ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಬಟ್ಟೆ ಬಂದ ದಾರಿಯಲ್ಲೇ ಹೊರಬರುತ್ತದೆ.

ಧೋತರಕ್ಕಿಂತ ದೊಡ್ಡ ಅಪಾಯ ಹೆಗಲ ಮೇಲಿನ ಶಲ್ಯದ್ದು. ಅದರ ತುದಿ ಹಿಂದಿನ ಗಾಲಿಯ ಕಡ್ಡಿಗೆ ಸುತ್ತಿದರೆ ಕುತ್ತಿಗೆಗೇ ಬರುತ್ತದೆ. ಸೊಂಟಕ್ಕೆ ಕಟ್ಟಿಸಿ. ತಲೆಗೆ ಪಟಕಾ ಸುತ್ತಿದವರು ಅದರ ಬಾಲವನ್ನು ಒಳಗೆ ಸಿಕ್ಕಿಸಲಿ.

ಸೀರೆಗೆ ಮುಂದಿನ ದಂಡ ಇಲ್ಲದ ಲೇಡೀಸ್ ಸೈಕಲ್ಲೇ ಬೇಕು. ಹಿಂದಿನ ಗಾಲಿಯ ಎರಡೂ ಬದಿಗೆ ಜಾಳಿಗೆ ಇರಬೇಕು. ಹಳೆಯ ಲೇಡೀಸ್ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ಅಂಚಿನಲ್ಲಿ ಸಾಲಾಗಿ ಸಣ್ಣ ತೂತು ಇದ್ದರೆ ಅವು ಆ ಜಾಳಿಗೆಯ ದಾರ ಪೋಣಿಸಲೆಂದೇ ಮಾಡಿದವು. ಅಲ್ಲಿಂದ ಹಬ್ಬಿನ ತನಕ ಗಟ್ಟಿ ದಾರ ಹೆಣೆದರೆ ಮುಗಿಯಿತು. ಕಚ್ಚೆ ಹಾಕಿದ ಸೀರೆಯಲ್ಲಿ ಕಾಲು ಬಿಡಿಬಿಡಿಯಾಗಿ ಆಡುವುದರಿಂದ ತುಳಿಯಲು ಸುಲಭ. ಗೋಲು (ಕಚ್ಚೆಯಿಲ್ಲದೆ) ಉಟ್ಟರೆ ಮೊಣಕಾಲು ಮೇಲೇಳುವಷ್ಟು ನಿರಿಗೆ ಹೆಚ್ಚು ಬಿಡಬೇಕು. ಸೆರಗನ್ನು ಸುತ್ತಿ ತಂದು ಮುಂದೆ ಸಿಕ್ಕಿಸಿ ಪಿನ್ ಹಾಕಿ. ಕ್ಯಾರಿಯರ್ ಮೇಲೆ ಒಂದೇ ಬದಿಗೆ ಕಾಲು ಹಾಕಿ ಕೂರುವವರಿಗೂ ಇದೇ ಮಾತು. ಸೆರಗು ಗಾಲಿಗೆ ಸಿಗುವುದು ಇವತ್ತಿಗೂ ಮೋಟರ್‌ಸೈಕಲ್ಲಿನಲ್ಲಿ ನಡೆಯುವ ಅನಾಹುತ.

ಪ್ಯಾಂಟ್ ಹಾಕುವ ಗುಮಾಸ್ತರ ವೇಷವಿದ್ದರೆ ಸ್ಪ್ರಿಂಗ್ ಉಕ್ಕಿನ ಪ್ಯಾಂಟ್ ಕ್ಲಿಪ್ ಬೇಕು, ಮುಕ್ಕಾಲು ಬಳೆಯಂಥದ್ದು. ಹೆಚ್ಚಾದ ಬಟ್ಟೆಯನ್ನು ಹೊರಬದಿಗೆ ಮಡಚಿ ಅದರ ಮೇಲೆ ಹಾಕಬೇಕು. ಒಳಬದಿಗೆ ಮಡಚಿದರೆ ಮಡಿಕೆ ಕ್ರ್ಯಾಂಕಿಗೆ ತಾಗಿ ಮಸಿ ಹತ್ತುತ್ತದೆ. ಕ್ಲಿಪ್ ಸಿಗದಿದ್ದರೆ ಕರಿ ರಬ್ಬರ್ ಪಟ್ಟಿ, ದೂರದಿಂದ ಗೊತ್ತಾಗುವುದಿಲ್ಲ. ಎಪ್ಪತ್ತರ ದಶಕದ ಬೆಲ್‌ಬಾಟಮ್ ತೋರಿಸುವ ಆಸೆ ಯಾರಿಗಾದರೂ ಇದ್ದರೆ ಅವರನ್ನು ನಡೆಸಿಕೊಂಡೇ ಹೋಗಿ.

ಕಾಲಿಗೆ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಒಪ್ಪುತ್ತದೆ. 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳೂ ಸೇರಿವೆ. ತೊಗಲಿನ ಅಟ್ಟೆ ಗಟ್ಟಿಯಿರುವುದರಿಂದ ಪೆಡಲ್ ಪಾದಕ್ಕೆ ಒತ್ತುವುದಿಲ್ಲ. ನೆಂದರೆ ಮಾತ್ರ ರಬ್ಬರ್ ಪೆಡಲ್ ಮೇಲೆ ಜಾರುತ್ತದೆ.

ಮನೆಯಲ್ಲಿ ಹಿರಿಯರೊಬ್ಬರ ಹಳೆಯ ರೇಸಿಂಗ್ ಉಡುಪು ಸಿಕ್ಕಿದೆ. ಉಣ್ಣೆಯ ಜೆರ್ಸಿ, ಒಳಗೆ ತೊಗಲು ಹೊಲಿದ ಕರಿ ಚಡ್ಡಿ. ತೊಗಲು ಹಪ್ಪಳದಂತೆ ಗಟ್ಟಿಯಾಗಿದೆ. ನಮ್ಮ ಬಿಸಿಲಿಗೆ ಉಣ್ಣೆ ಯಾಕೆ ಹಾಕುತ್ತಿದ್ದರು? — ವಿಜಯಪುರ

ಯಾಕೆಂದರೆ ಬೇರೆ ಇರಲಿಲ್ಲ. ಹತ್ತಿ ಬಟ್ಟೆ ಬೆವರು ಕುಡಿದು ಭಾರವಾಗಿ ಮೈಗೆ ಅಂಟುತ್ತದೆ, ಬೇಗ ಒಣಗುವುದಿಲ್ಲ. ತೆಳು ಉಣ್ಣೆ ನೆಂದರೂ ಅಂಟುವುದಿಲ್ಲ, ನಾರುವುದೂ ಕಡಿಮೆ. ಹಿಗ್ಗಿ ಕುಗ್ಗುವ ಲೈಕ್ರಾ ದಾರವನ್ನು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಕಂಡುಹಿಡಿದದ್ದು 1958ರಲ್ಲಿ. ಸೈಕಲ್ ಚಡ್ಡಿಗೆ ಅದು ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಚಡ್ಡಿ ಕಪ್ಪಗಿದ್ದದ್ದು ಸೀಟಿನ ತೊಗಲಿನ ಬಣ್ಣ, ಚೈನಿನ ಮಸಿ ಕಾಣಬಾರದೆಂದು. ಜೆರ್ಸಿಯ ಬೆನ್ನಿಗೆ ಜೇಬು ಇಟ್ಟದ್ದು ಬಗ್ಗಿ ಹೊಡೆಯುವಾಗ ಸಾಮಾನು ಬೀಳದಿರಲೆಂದು. ಅದರಲ್ಲಿ ಬಾಳೆಹಣ್ಣು, ಟ್ಯೂಬು.

ಒಳಗಿನದು ಮೃದು ಮಾಡಿದ ಶಾಮಿ ತೊಗಲು. ತೊಡೆ ಉಜ್ಜಬಾರದೆಂದು ಅದರ ಕೆಳಗೆ ಒಳಚಡ್ಡಿ ಹಾಕುತ್ತಿರಲಿಲ್ಲ, ಈಗಲೂ ಹಾಕಬಾರದು. ಒಳಚಡ್ಡಿಯ ಹೊಲಿಗೆಯೇ ಗಾಯ ಮಾಡುವುದು. ಗಟ್ಟಿಯಾದ ತೊಗಲನ್ನು ತಣ್ಣೀರಿನಲ್ಲಿ ನೆನೆಸಿ, ಹಸಿ ಇರುವಾಗಲೇ ಎರಡೂ ಕೈಯಿಂದ ಉಜ್ಜಿ ಹಿಗ್ಗಿಸಿ, ನೆರಳಲ್ಲಿ ಒಣಗಿಸಿ. ಅರ್ಧ ಒಣಗಿದಾಗ ಮತ್ತೊಮ್ಮೆ ಉಜ್ಜಬೇಕು. ಪೂರ್ತಿ ಒಣಗಿದ ಮೇಲೆ ಉಜ್ಜಿದರೆ ಸೀಳುತ್ತದೆ. ಕೊನೆಗೆ ಲ್ಯಾನೊಲಿನ್ ಇಲ್ಲವೇ ವ್ಯಾಸಲೀನ್ ತೆಳ್ಳಗೆ ಹಚ್ಚಿ. ಜೆರ್ಸಿಗೆ ತಣ್ಣೀರು, ಸೌಮ್ಯ ಸೋಪು ಸಾಕು. ಹಿಂಡಬೇಡಿ, ಹಗ್ಗಕ್ಕೆ ತೂಗುಹಾಕಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ, ಹಾಸಿ ಒಣಗಿಸಿ. ಪೂರ್ತಿ ಒಣಗಿದ ಬೇವಿನೆಲೆ ಜೊತೆ ಮುಚ್ಚಿಟ್ಟರೆ ನುಸಿ ಬರುವುದು ಕಡಿಮೆ. ಜೊತೆಗೆ ತೊಗಲಿನ ಪಟ್ಟಿಗಳ ಜಾಲಿಯಂಥ ಹಳೆ ಟೋಪಿ ಸಿಕ್ಕಿದ್ದರೆ ಅದನ್ನು ಗೋಡೆಗೆ ಹಾಕಿ, ತಲೆಗೆ ಹಾಕಬೇಡಿ. ಅದು ಕಾಪಾಡುವುದು ಅಷ್ಟಕ್ಕಷ್ಟೆ. ದೊಡ್ಡ ರೇಸುಗಳಲ್ಲೂ ಗಟ್ಟಿ ಹೆಲ್ಮೆಟ್ ಕಡ್ಡಾಯವಾದದ್ದು 2003ರಲ್ಲಿ, ಪ್ಯಾರಿಸ್–ನೀಸ್ ರೇಸಿನಲ್ಲಿ ಬಿದ್ದು ಸವಾರ ಆಂದ್ರೆ ಕಿವಿಲೆವ್ ಸತ್ತ ಮೇಲೆ.

ತೊಗಲಿನ ಸೀಟು ತೊಟ್ಟಿಲಿನಂತೆ ಇಳಿದಿದೆ. ಮಳೆಗಾಲದಲ್ಲಿ ಎಣ್ಣೆ ಹಾಕಬೇಕೇ? — ಖಾನಾಪುರ

ಸೀಟಿನ ಮೂತಿಯ ಕೆಳಗೆ ಒಂದು ನಟ್ಟು ಇದೆ. ಒಮ್ಮೆಗೆ ಅರ್ಧ ಸುತ್ತು ಮಾತ್ರ ಬಿಗಿಸಿ, ವಾರ ಹೊಡೆದು ನೋಡಿ. ಒಂದೇ ದಿನ ಮೂರು ಸುತ್ತು ಬಿಗಿದರೆ ಹಿಂದಿನ ತಾಮ್ರದ ರಿವೆಟ್ಟಿನ ಹತ್ತಿರ ತೊಗಲು ಹರಿಯುತ್ತದೆ. ಎಣ್ಣೆ ಬೇಡವೇ ಬೇಡ, ಎಂಜಿನ್ ಎಣ್ಣೆಯಂತೂ ದೂರ. ಎಣ್ಣೆ ಕುಡಿದ ತೊಗಲು ಮೆತ್ತಗಾಗಿ ಇನ್ನಷ್ಟು ಇಳಿಯುತ್ತದೆ. ಜೇನುಮೇಣ ಬೆರೆತ ಸೀಟಿನ ಮೇಣವನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಕೆಳಬದಿಗೂ ಹಚ್ಚಿ. ನಿಮ್ಮ ಕಡೆಯ ಮಳೆಯಲ್ಲಿ ನೀರು ಮೇಲಿನಿಂದಲ್ಲ, ಹಿಂದಿನ ಗಾಲಿಯಿಂದ ಚಿಮ್ಮಿ ಕೆಳಗಿನಿಂದ ನೆನೆಸುತ್ತದೆ. ನೆಂದ ಸೀಟಿನ ಮೇಲೆ ಕೂತರೆ ಕೂತ ಆಕಾರವೇ ಉಳಿಯುತ್ತದೆ. ಒಲೆಯ ಹತ್ತಿರ ಒಣಗಿಸಬೇಡಿ.

ಫ್ರೇಮಿಗೆ ಬಣ್ಣ ಹೊಡೆಸಿದ ಮೇಲೆ ಡೈನಮೊ ದೀಪ ಹತ್ತುತ್ತಿಲ್ಲ. ಬಲ್ಬ್ ಹೊಸದು. — ಇಂಡಿ

ಡೈನಮೊದಿಂದ ದೀಪಕ್ಕೆ ಹೋಗುವುದು ಒಂದೇ ತಂತಿ, ವಾಪಸ್ ದಾರಿ ಫ್ರೇಮಿನ ಕಬ್ಬಿಣ. ಬಣ್ಣ ಆ ದಾರಿಯನ್ನು ಮುಚ್ಚಿದೆ. ಡೈನಮೊ ಹಿಡಿಕೆಯಲ್ಲಿ ಒಂದು ಚೂಪು ಸ್ಕ್ರೂ ಇರುತ್ತದೆ, ಅದನ್ನು ಬಣ್ಣ ಸೀಳಿ ಲೋಹ ಮುಟ್ಟುವ ತನಕ ತಿರುಗಿಸಿ. ದೀಪದ ಹಿಡಿಕೆ ಕೂರುವ ಕಡೆಯೂ ಕೆರೆಯಿರಿ. ಡೈನಮೊ 6 ವೋಲ್ಟ್, 3 ವ್ಯಾಟ್‌ನದಾದರೆ ಮುಂದೆ 2.4, ಹಿಂದೆ 0.6 ವ್ಯಾಟ್ ಬಲ್ಬ್ ಹಾಕಿ. ಹಿಂದಿನ ಬಲ್ಬ್ ಸುಟ್ಟದ್ದನ್ನು ಹಾಗೇ ಬಿಟ್ಟರೆ ಅದರ ಪಾಲೂ ಮುಂದಿನದಕ್ಕೇ ಬಂದು, ಇಳಿಜಾರಿನಲ್ಲಿ ಓಟ ಹೆಚ್ಚಾದಾಗ ಅದೂ ಸುಡುತ್ತದೆ. ಡೈನಮೊದ ನಡುಗೆರೆ ಗಾಲಿಯ ಎಕ್ಸಲ್ ಕಡೆ ನೇರ ನೋಡಬೇಕು. ಓರೆ ಇದ್ದರೆ ಕರಕರ ಸದ್ದು ಮಾಡುತ್ತ ಟೈರಿನ ಪಕ್ಕ ತಿನ್ನುತ್ತದೆ.

ಪಂಚರ್ ಇಲ್ಲ, ಆದರೂ ಎರಡು ದಿನಕ್ಕೊಮ್ಮೆ ಹವಾ ಇಳಿಯುತ್ತದೆ. — ಬಸವನ ಬಾಗೇವಾಡಿ

ವಾಲ್ ಟ್ಯೂಬ್, ಅಂದರೆ ವಾಲ್ ಪಿನ್ನಿನ ಮೇಲಿನ ಸಣ್ಣ ರಬ್ಬರ್ ಕೊಳವೆ, ಹೋಗಿದೆ. ವಾಲ್ ಬಾಯಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಏಳುತ್ತದೆ. ನಮ್ಮ ಬೇಸಿಗೆಗೆ ಆ ತೆಳು ರಬ್ಬರ್ ಬಿರಿಯುವುದು ಸಹಜ. ಪಿನ್ ಮೇಲೆ ಇಂಚಿನಷ್ಟು ಹೊಸದನ್ನು ಒದ್ದೆ ಮಾಡಿ ಏರಿಸಿ, ಪಕ್ಕದ ತೂತು ಪೂರ್ತಿ ಮುಚ್ಚಬೇಕು. ದೀಪವಿಲ್ಲದೆ, ಡಬಲ್ ಸೀಟು ಹೊಡೆದು ಸಿಕ್ಕವರ ವಾಲ್ ಪಿನ್ನನ್ನೇ ಪೊಲೀಸರು ಕಿತ್ತಿಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಹುಷಾರಿನವರು ಜೇಬಿನಲ್ಲಿ ಇನ್ನೊಂದು ಇಟ್ಟಿರುತ್ತಿದ್ದರು.

ಹಳೆ ಸೈಕಲ್ಲಿಗೆ 700 ಅಂತ ಬರೆದ ಹೊಸ ಟೈರ್ ತಂದೆ, ಕೂರುತ್ತಿಲ್ಲ. ಎರಡೂ 28 ಇಂಚು ಅಂತಾರಲ್ಲ? — ಗೋಕಾಕ

ಹೆಸರಿಗೆ 28, ಅಳತೆ ಬೇರೆ. ನಿಮ್ಮ ರಿಮ್ಮಿನದು 635 ಮಿಲಿಮೀಟರ್, 700ರದ್ದು 622. ಟೈರಿನ ಬದಿಯಲ್ಲಿ 28 × 1½ ಅಥವಾ 40-635 ಎಂದಿರಬೇಕು. ಹಾಲಿನ ಕ್ಯಾನ್ ಹೊರುವ ಸೈಕಲ್ಲುಗಳ ದಯೆಯಿಂದ ಅದು ಇನ್ನೂ ಎಲ್ಲ ಕಡೆ ಸಿಗುತ್ತದೆ. ಜಾಲಿ ಮುಳ್ಳಿನ ದಾರಿಯಲ್ಲಿ ಓಡಿದ ಹಳೆ ಟೈರನ್ನೇ ಮತ್ತೆ ಹಾಕುವುದಾದರೆ ಮೊದಲು ಅದರ ಒಳಮೈಗೆ ಬೆರಳಲ್ಲ, ಹತ್ತಿ ಆಡಿಸಿ. ಮುರಿದ ಮುಳ್ಳಿನ ತುದಿ ಹತ್ತಿಗೆ ಸಿಗುತ್ತದೆ.

ಊರ ಜಾತ್ರೆಯಲ್ಲಿ ಕರಿ ಸೈಕಲ್ಲಿನ ಶರ್ಯತ್ತು ಇದೆ. ಗೇರು ಹಾಕುವಂತಿಲ್ಲ. ಹಿಂದಿನ ಫ್ರೀವೀಲ್ 18ರ ಬದಲು 16 ಹಲ್ಲಿನದು ಹಾಕಿದರೆ ಓಟ ಹೆಚ್ಚುತ್ತದೆಯೇ? — ತಿಕೋಟಾ

ಕಾಲಿನಲ್ಲಿ ಕಸುವಿದ್ದರೆ. ಮುಂದೆ 44 ಹಲ್ಲು, ಹಿಂದೆ 18 ಇದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 5.5 ಮೀಟರ್ ಹೋಗುತ್ತದೆ. 16 ಹಾಕಿದರೆ ಸುಮಾರು 6.2. ನಿಮಿಷಕ್ಕೆ 90 ಸುತ್ತು ತುಳಿಯುವವನಿಗೆ 18ರಲ್ಲೇ ತಾಸಿಗೆ 30 ಕಿಲೋಮೀಟರ್ ಹತ್ತಿರ ಬರುತ್ತದೆ, ಬಹಳ ಹುಡುಗರು ಅಷ್ಟು ವೇಗವಾಗಿ ತುಳಿಯುವುದನ್ನೇ ಕಲಿತಿರುವುದಿಲ್ಲ. ಮೊದಲು ಅದನ್ನು ಕಲಿಯಲಿ. ಎದುರುಗಾಳಿ, ಏರು ಇರುವ ದಾರಿಯಾದರೆ 18ನ್ನೇ ಇಟ್ಟುಕೊಳ್ಳಿ. ಸಪಾಟು ದಾರಿ, ದೂರವೂ ಕಡಿಮೆ ಎಂದರೆ 16 ನೋಡಬಹುದು.

ಹಾಕಿದಾಗ ಚೈನ್ ಕಡಿಮೆ ಮಾಡುವುದು ಬೇಡ, ಗಾಲಿ ಕಾಲು ಇಂಚು ಹಿಂದೆ ಸರಿದರೆ ಸರಿಹೋಗುತ್ತದೆ. ಚೈನಿನ ನಡುವೆ ಅರ್ಧ ಇಂಚು ಆಟ ಬಿಡಿ. ಗಾಲಿ ಸರಿದದ್ದರಿಂದ ಹಿಂದಿನ ಬ್ರೇಕಿನ ರಬ್ಬರ್ ಈಗ ರಿಮ್ಮಿನ ಬೇರೆ ಜಾಗಕ್ಕೆ ತಾಗುತ್ತದೆ, ಮತ್ತೆ ಕೂರಿಸಲೇಬೇಕು. ರಿಮ್ಮಿಗೂ ರಬ್ಬರಿಗೂ ನಡುವೆ 3 ಮಿಲಿಮೀಟರ್ ಸಾಕು. ರಬ್ಬರ್ ಹಿಡಿಯುವ ಡಬ್ಬಿಯ ಮುಚ್ಚಿದ ಬಾಯಿ ಗಾಲಿ ತಿರುಗುವ ದಿಕ್ಕಿಗಿರಲಿ. ಉಲ್ಟಾ ಹಾಕಿದರೆ ಮೊದಲ ಜೋರು ಬ್ರೇಕಿಗೇ ರಬ್ಬರ್ ಜಾರಿ ರಸ್ತೆಗೆ ಬೀಳುತ್ತದೆ. ಹಳೆ ಚೈನಿನ 12 ಇಂಚು ಅಳೆದಾಗ 12⅛ ಬಂದರೆ ಹೊಸ ಫ್ರೀವೀಲ್ ಜೊತೆ ಅದನ್ನು ಹಾಕಬೇಡಿ, ಚೈನ್ ಹಲ್ಲಿನ ಮೇಲಿಂದ ಹಾರುತ್ತದೆ. ಕ್ಯಾರಿಯರ್, ಸ್ಟ್ಯಾಂಡ್, ಗೇರ್‌ಕೇಸ್ ಬಿಚ್ಚಿ. ಬ್ರೇಕ್ ಬಿಚ್ಚಿ ಹಗುರ ಮಾಡಿಕೊಂಡು ಬರುವವರು ಇದ್ದೇ ಇರುತ್ತಾರೆ, ಅಂಥವರನ್ನು ತೀರ್ಪು ಕೊಡುವ ಪಂಚರು ಸಾಲಿನಲ್ಲೇ ನಿಲ್ಲಿಸಬಾರದು.